ಅಕ್ಷರಾಭ್ಯಾಸದ ಮರುದಿನ

(ಶಾಖಾಮಠದ ವಾರ್ಷಿಕೋತ್ಸವದ ಸಭೆಯಲ್ಲಿ ನೀಡಿದ ಉಪನ್ಯಾಸದ ಪಠ್ಯ)

 

ಅಕ್ಷರಾಭ್ಯಾಸದ ದಿನ ಏನೇನು ನಡೆಯುತ್ತದೆ ಎಂಬುದನ್ನು ಈ ಸಭೆಗೆ ವಿವರಿಸಬೇಕಾಗಿಲ್ಲ. ಹರಿವಾಣದಲ್ಲಿ ಅಕ್ಕಿಯನ್ನು ಹರಡಿ, ಮಗುವನ್ನು ತೊಡೆಯ ಮೇಲೆ ಕುಳ್ಳಿರಿಸಿಕೊಂಡು, ಅದರ ಬೆರಳನ್ನು ಹಿಡಿದು ಮೊದಲ ಅಕ್ಷರಗಳನ್ನು ಬರೆಯಿಸುತ್ತಾರೆ. ಛಾಯಾಚಿತ್ರಗಳನ್ನು ತೆಗೆಯಿಸುತ್ತಾರೆ. ಆದರೆ ಮರುದಿನದ ವಿಚಾರವನ್ನು ಹೆಚ್ಚಿನವರು ಆಲೋಚಿಸುವುದಿಲ್ಲ. ಮುಂಬಯಿಯಲ್ಲಾಗಲಿ, ಪುಣೆಯಲ್ಲಾಗಲಿ, ಚೆನ್ನೈ, ಹೈದರಾಬಾದು, ದೆಹಲಿಗಳಲ್ಲಾಗಲಿ ಮರುದಿನ ಆ ಮಗು ಬೇರೊಂದು ಲಿಪಿಯ ಶಾಲೆಗೆ ಹೋಗುತ್ತದೆ. ಅಕ್ಕಿಯ ಮೇಲೆ ಬರೆದ ಕನ್ನಡದ ಅಕ್ಷರವು ಅಕ್ಕಿಯಲ್ಲಿಯೇ ಉಳಿಯುತ್ತದೆ. ಹತ್ತು ವರ್ಷಗಳ ತರುವಾಯ ಅದೇ ಮಗು ಅಜ್ಜಿಯೊಡನೆ ನಿರರ್ಗಳವಾಗಿ ಕನ್ನಡದಲ್ಲಿ ಮಾತನಾಡುತ್ತದೆ. ಆದರೆ ಅಜ್ಜಿಯ ಕೈಬರಹದ ಹಾಡಿನ ಪುಸ್ತಕ ಅದರ ಪಾಲಿಗೆ ಚಿತ್ರಗಳ ಕಟ್ಟು ಮಾತ್ರ. ಆದುದರಿಂದ ಪ್ರಾಥಮಿಕ ಶಾಲೆಯ ಮೊದಲ ಮೂರು ವರ್ಷಗಳಲ್ಲಿ ಓದು, ಬರಹ, ಮಾತುಗಳು ಮಗುವಿಗೆ ಹೇಗೆ ಕೈವಶವಾಗುತ್ತವೆ, ಎಲ್ಲಿ ತೊಡಕು ಉಂಟಾಗುತ್ತದೆ ಎಂಬುದೇ ಇಂದಿನ ವಿಷಯ.

ಇದಕ್ಕೆ ಸಂಬಂಧಿಸಿದ ಹಳೆಯ ಕಡತವೊಂದಿದೆ. 1822ರಲ್ಲಿ ಮದರಾಸಿನ ಗವರ್ನರ್ ಆಗಿದ್ದ ಸರ್ ಥಾಮಸ್ ಮನ್ರೋ ಅವರು ತಮ್ಮ ಅಧೀನದ ಜಿಲ್ಲೆಗಳಲ್ಲಿ ದೇಶೀಯ ಶಾಲೆಗಳು ಎಷ್ಟಿವೆ, ಅಲ್ಲಿ ಏನನ್ನು ಕಲಿಸುತ್ತಾರೆ ಎಂದು ಕಲೆಕ್ಟರರಿಂದ ವರದಿ ಕೇಳಿದರು. ಬಹುಮಂದಿ ಅಂಕಿಗಳ ಕೋಷ್ಟಕವನ್ನು ಕಳುಹಿಸಿ ಕೈತೊಳೆದುಕೊಂಡರು. ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಪ್ಬೆಲ್ ಮಾತ್ರ 1823ರ ಆಗಸ್ಟ್ ತಿಂಗಳಿನಲ್ಲಿ ಶಾಲೆಯೊಳಗಿನ ನಿತ್ಯವ್ಯವಹಾರವನ್ನು ಕಣ್ಣಿಗೆ ಕಟ್ಟುವಂತೆ ಬರೆದು ಕಳುಹಿಸಿದರು. ಜಿಲ್ಲೆಯಲ್ಲಿ ಆಗ 533 ಶಾಲೆಗಳು. ಅವುಗಳಲ್ಲಿ 235 ಕನ್ನಡದವು, 226 ತೆಲುಗಿನವು, ಮಿಕ್ಕವು ಮರಾಠಿ, ಸಂಸ್ಕೃತ, ಪಾರ್ಸಿ, ತಮಿಳಿನವು. ಇಂಗ್ಲಿಷಿನದು ಒಂದೇ ಒಂದು. ಒಟ್ಟು ವಿದ್ಯಾರ್ಥಿಗಳು 6,641. ಅವರಲ್ಲಿ ಬಾಲಕಿಯರು ಕೇವಲ 60. ಈ ಕೊನೆಯ ಸಂಖ್ಯೆಯನ್ನು ಕೇಳಿದ ಮೇಲೆ ಹಳೆಯ ಕಾಲವನ್ನು ಹೊಗಳುವವರು ಸ್ವಲ್ಪ ತಡೆದು ಹೊಗಳುವುದು ಒಳ್ಳೆಯದು.

ಐದನೆಯ ವಯಸ್ಸಿನಲ್ಲಿ ಗುರುವನ್ನೂ ಶಾಲೆಯ ಮಕ್ಕಳನ್ನೂ ಮನೆಗೆ ಕರೆದು, ಗಣಪತಿಯ ಮುಂದೆ ಕುಳ್ಳಿರಿಸಿ, ಅಕ್ಕಿಯ ಮೇಲೆ ಬರೆಯಿಸುವುದನ್ನು ಕ್ಯಾಂಪ್ಬೆಲ್ ವರ್ಣಿಸಿದ್ದಾರೆ. ಶಾಲೆ ಬೆಳಗ್ಗೆ ಆರು ಗಂಟೆಗೆ ಆರಂಭ. ಮೊದಲು ಬಂದ ಬಾಲಕನ ಅಂಗೈಯಲ್ಲಿ ಗೌರವಾರ್ಥವಾಗಿ ಸರಸ್ವತಿಯ ಹೆಸರನ್ನು ಬರೆಯುತ್ತಿದ್ದರು. ಎರಡನೆಯವನ ಕೈಯಲ್ಲಿ ಸೊನ್ನೆ, ಎಂದರೆ ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಮೆಲ್ಲನೆಯ ಒಂದು ಏಟು, ನಾಲ್ಕನೆಯವನಿಗೆ ಎರಡು, ಹೀಗೆ ಏರುತ್ತ ಹೋಗುತ್ತಿತ್ತು. ವೇಳೆಗೆ ಸರಿಯಾಗಿ ಬರಲು ಇದಕ್ಕಿಂತ ಕಠಿನವಾದ ವೇಳಾಪಟ್ಟಿ ರೈಲ್ವೆಯಲ್ಲಿಯೂ ಇರಲಾರದು.

ಆದರೆ ಅವರು ಗಮನಿಸಿದ ಮುಖ್ಯ ಸಂಗತಿ ಬೇರೆ. ಯುರೋಪಿನ ಮಕ್ಕಳು ಅಕ್ಷರಗಳ ಹೆಸರುಗಳನ್ನು ಒಪ್ಪಿಸುತ್ತ ಕಲಿತರೆ, ಬಳ್ಳಾರಿಯ ಮಕ್ಕಳು ನೆಲದ ಮರಳಿನಲ್ಲಿ ಬೆರಳಿನಿಂದ ಬರೆಯುತ್ತ ಕಲಿಯುತ್ತಿದ್ದರು. ಮರಳಿನಲ್ಲಿ ಕೈ ಪಳಗಿದ ಮೇಲೆ ಮರದ ಹಲಗೆ ಅಥವಾ ಕಡತ. ಕಡತವೆಂದರೆ ಗಂಜಿಯಲ್ಲಿ ಅದ್ದಿ ಬಿರುಸು ಮಾಡಿ, ಪುಸ್ತಕದಂತೆ ಮಡಿಸಿ, ಇದ್ದಿಲು ಮತ್ತು ಅಂಟುಗಳ ಲೇಪವನ್ನು ಕೊಟ್ಟ ಬಟ್ಟೆ. ಅದರ ಮೇಲೆ ಬಳಪದಿಂದ ಬರೆದು, ಒದ್ದೆ ಬಟ್ಟೆಯಿಂದ ಒರೆಸಿ ಮತ್ತೆ ಬರೆಯಬಹುದಾಗಿತ್ತು. ಮಕ್ಕಳನ್ನು ನಾಲ್ಕು ತರಗತಿಗಳಾಗಿ ವಿಂಗಡಿಸಿ, ಕೆಳಗಿನವರಿಗೆ ಮೇಲಿನವರು ಪಾಠ ಹೇಳುತ್ತಿದ್ದರು. ಬಲ್ಲ ಹುಡುಗನು ಅರಿಯದವನಿಗೆ ಕಲಿಸುವ ಈ ಮಿತವ್ಯಯದ ಏರ್ಪಾಟನ್ನು ಇಂಗ್ಲೆಂಡಿನವರು ಅನುಕರಿಸಿದ್ದು ಯೋಗ್ಯವೇ ಆಗಿದೆ ಎಂದು ಕ್ಯಾಂಪ್ಬೆಲ್ ಒಪ್ಪಿಕೊಂಡರು. ಹಾಗೆ ಬರೆಯಲು ಕಾರಣವಿತ್ತು. 1789ರಿಂದ ಮದರಾಸಿನ ಎಗ್ಮೋರ್ ಭಾಗದಲ್ಲಿದ್ದ ಸೈನಿಕರ ಅನಾಥ ಬಾಲಕರ ಶಾಲೆಯನ್ನು ನೋಡಿಕೊಳ್ಳುತ್ತಿದ್ದ ಆಂಡ್ರ್ಯೂ ಬೆಲ್ ಎಂಬ ಪಾದ್ರಿಯವರು ದೇಶೀಯ ಶಾಲೆಯ ಮಕ್ಕಳು ಮರಳಿನಲ್ಲಿ ಬರೆಯುವುದನ್ನು ಕಂಡು ತಮ್ಮಲ್ಲಿಯೂ ಅದನ್ನು ತಂದರು. ಹಿರಿಯ ಬಾಲಕರಿಂದ ಕಿರಿಯರಿಗೆ ಕಲಿಸಿ, 1797ರಲ್ಲಿ ಲಂಡನ್ನಿನಲ್ಲಿ ಆ ಪ್ರಯೋಗದ ವರದಿಯನ್ನು ಅಚ್ಚು ಹಾಕಿಸಿದರು. ಅದು ಮದರಾಸು ಪದ್ಧತಿ ಎಂಬ ಹೆಸರಿನಿಂದಲೇ ಇಂಗ್ಲೆಂಡಿನ ಶಾಲೆಗಳಲ್ಲಿ ಹರಡಿತು.

ಇನ್ನು ಕ್ಯಾಂಪ್ಬೆಲ್ ಅವರ ಆಕ್ಷೇಪ. ಮಕ್ಕಳು ನೂರಾರು ಪದ್ಯಗಳನ್ನು ಒಂದಕ್ಷರ ತಪ್ಪದೆ ಒಪ್ಪಿಸುತ್ತಾರೆ, ಆದರೆ ಅರ್ಥವನ್ನು ಕೇಳಿದರೆ ಗಿಳಿಗೆ ಎಷ್ಟು ಗೊತ್ತೋ ಅಷ್ಟೇ ಅವರಿಗೂ ಗೊತ್ತು ಎಂದು ಅವರು ದೂರಿದರು. ಕಾವ್ಯದ ಭಾಷೆ ಆಡುವ ಭಾಷೆಗಿಂತ ತೀರ ಬೇರೆಯಾಗಿದ್ದುದೇ ಇದಕ್ಕೆ ಕಾರಣವೆಂದರು. ಈ ಟೀಕೆಯನ್ನು ಪರಕೀಯನ ತಾತ್ಸಾರವೆಂದು ತಳ್ಳಿಹಾಕುವುದು ಸುಲಭ. ಆದರೆ ಆತ ಹೊಗಳಿದ್ದನ್ನು ಉತ್ಸಾಹದಿಂದ ಉದ್ಧರಿಸಿ, ತೆಗಳಿದ್ದನ್ನು ಮರೆಮಾಡುವುದು ನ್ಯಾಯವಲ್ಲ. ಅದೇ ಗಿಳಿಪಾಠ ಇಂದು ಇಂಗ್ಲಿಷಿನ ಶಿಶುಗೀತೆಗಳ ರೂಪದಲ್ಲಿ ಮನೆಮನೆಯಲ್ಲಿ ನಡೆದಿದೆ. ಮೂರು ವರ್ಷದ ಮಗು ಕಂಡರಿಯದ ಹಿಮಪಾತದ ಹಾಡನ್ನು ಅತಿಥಿಗಳ ಮುಂದೆ ಒಪ್ಪಿಸುತ್ತದೆ, ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ.

ಕಂಠಪಾಠವೆಲ್ಲವೂ ಕೆಟ್ಟದ್ದು ಎಂಬ ಮಾತಿಗೆ ಇಲ್ಲಿ ಸಮ್ಮತಿಯಿಲ್ಲ. ಸ್ತೋತ್ರಗಳನ್ನು, ದಾಸರ ಪದಗಳನ್ನು ಬಾಯಿಪಾಠ ಮಾಡಿದ ಮಗುವಿನ ನಾಲಿಗೆ ಮಹಾಪ್ರಾಣಗಳಿಗೆ, ಶಕಾರ ಷಕಾರಗಳಿಗೆ, ದೀರ್ಘ ಹ್ರಸ್ವಗಳಿಗೆ ಹದವಾಗುತ್ತದೆ. ಕಿವಿಯೂ ನಾಲಿಗೆಯೂ ಭೇದವನ್ನು ಅರಿಯದಿದ್ದರೆ ಕಣ್ಣು ಮತ್ತು ಕೈ ಅದನ್ನು ಕಲಿಯುವುದು ಕಷ್ಟ. ‘ಅರ್ಥ ಆಮೇಲೆ’ ಎನ್ನುವುದರಲ್ಲಿ ದೋಷವಿಲ್ಲ. ಆ ‘ಆಮೇಲೆ’ ಎಂದೂ ಬಾರದಿರುವುದರಲ್ಲಿ ದೋಷವಿದೆ.

ಓದು ಎಂದರೇನು ಎಂಬುದಕ್ಕೆ ಗಫ್ ಮತ್ತು ಟನ್ಮರ್ ಎಂಬ ಇಬ್ಬರು ವಿದ್ವಾಂಸರು 1986ರಲ್ಲಿ ಬಹಳ ಸರಳವಾದ ಒಂದು ಸೂತ್ರವನ್ನು ಮುಂದಿಟ್ಟರು. ಅಕ್ಷರವನ್ನು ಬಿಡಿಸಿ ಉಚ್ಚರಿಸುವ ಶಕ್ತಿ ಒಂದು, ಕೇಳಿದ ಮಾತನ್ನು ಗ್ರಹಿಸುವ ಶಕ್ತಿ ಇನ್ನೊಂದು; ಓದು ಈ ಎರಡರ ಗುಣಲಬ್ಧ. ಮೊತ್ತವಲ್ಲ, ಗುಣಲಬ್ಧ ಎಂಬುದನ್ನು ಗಮನಿಸಬೇಕು. ಕೂಡಿಸುವಾಗ ಒಂದು ಸೊನ್ನೆಯಾದರೂ ಇನ್ನೊಂದು ಉಳಿಯುತ್ತದೆ. ಗುಣಿಸುವಾಗ ಒಂದು ಸೊನ್ನೆಯಾದರೆ ಎಲ್ಲವೂ ಸೊನ್ನೆ. ಕ್ಯಾಂಪ್ಬೆಲ್ ಕಂಡ ಬಾಲಕರಲ್ಲಿ ಬಿಡಿಸುವ ಶಕ್ತಿ ಪೂರ್ಣವಾಗಿತ್ತು, ಗ್ರಹಿಕೆ ಶೂನ್ಯದ ಸಮೀಪದಲ್ಲಿತ್ತು. ಹೊರನಾಡಿನ ಕನ್ನಡ ಮಗುವಿನಲ್ಲಿ ಇದು ತಿರುವುಮುರುವಾಗಿದೆ. ಮನೆಯಲ್ಲಿ ಕನ್ನಡ ಕೇಳಿ ಬೆಳೆದುದರಿಂದ ಗ್ರಹಿಕೆ ಸಮೃದ್ಧ, ಅಕ್ಷರಜ್ಞಾನ ಸೊನ್ನೆ. ಎರಡರ ಫಲವೂ ಒಂದೇ. ಆದರೆ ದುರಸ್ತಿಯ ದೃಷ್ಟಿಯಿಂದ ನೋಡಿದರೆ ಎರಡನೆಯದು ಬಹು ಹಗುರವಾದ ಕೆಲಸ. ಭಾಷೆಯನ್ನು ಕಲಿಯಲು ಮಗುವಿಗೆ ವರ್ಷಗಳೇ ಬೇಕು. ಭಾಷೆ ಇದ್ದಾಗ ಲಿಪಿಯನ್ನು ಸೇರಿಸುವುದು ಅಷ್ಟು ದೀರ್ಘವಾದ ಕಾರ್ಯವಲ್ಲ. ಹಾಗೆಂದು ಅದು ವಾರದ ಕೆಲಸವೂ ಅಲ್ಲ. ಏಕೆಂದರೆ ಕನ್ನಡದ ಲಿಪಿ ಹೊರನೋಟಕ್ಕೆ ತೋರುವಷ್ಟು ಚಿಕ್ಕದಲ್ಲ.

ವರ್ಣಮಾಲೆಯಲ್ಲಿ ಹದಿಮೂರು ಸ್ವರಗಳು, ಎರಡು ಯೋಗವಾಹಗಳು, ಮೂವತ್ತನಾಲ್ಕು ವ್ಯಂಜನಗಳು, ಒಟ್ಟು 49 ಎಂದು ಶಾಲೆಯಲ್ಲಿ ಕಲಿಸುತ್ತಾರೆ. ಇಂಗ್ಲಿಷಿನ 26ಕ್ಕೆ ಹೋಲಿಸಿ, ಇನ್ನೂ ಇಪ್ಪತ್ತಮೂರು ಹೆಚ್ಚು ಅಷ್ಟೇ ಎಂದುಕೊಳ್ಳುವವರಿದ್ದಾರೆ. ಆದರೆ ಮಗುವಿನ ಕಣ್ಣು ಎದುರಿಸುವುದು ಕಾಗುಣಿತವನ್ನು. ಮೂವತ್ತನಾಲ್ಕು ವ್ಯಂಜನಗಳಿಗೆ ಹದಿನೈದು ರೂಪಗಳಂತೆ 510 ಆಕಾರಗಳು. ಅದರ ಮೇಲೆ ಒತ್ತಕ್ಷರಗಳು. ಸೋನಾಲಿ ನಾಗ್ ಅವರು ಕನ್ನಡ ಮಾಧ್ಯಮದ ಮಕ್ಕಳ ಓದನ್ನು ಅಭ್ಯಸಿಸಿ 2007ರಲ್ಲಿ ಪ್ರಕಟಿಸಿದ ಪ್ರಬಂಧ ಇದನ್ನೇ ಸ್ಪಷ್ಟಪಡಿಸಿತು: ಅಕ್ಷರಗಳ ಮೇಲಿನ ಹಿಡಿತ ಒಂದು ವರ್ಷದಲ್ಲಿ ಮುಗಿಯುವುದಿಲ್ಲ, ಮೂರನೆಯ, ನಾಲ್ಕನೆಯ ತರಗತಿಯವರೆಗೂ ಬೆಳೆಯುತ್ತಲೇ ಇರುತ್ತದೆ. ‘ಎರಡನೆಯ ಈಯತ್ತೆಗೆ ಬಂದರೂ ಇವನಿಗೆ ಒತ್ತಕ್ಷರ ಬಾರದು’ ಎಂದು ಮಗುವಿನ ಮುಂದೆಯೇ ಹಲುಬುವ ತಂದೆತಾಯಿಗಳು ಇದನ್ನು ತಿಳಿದಿರಬೇಕು. ಆ ವಯಸ್ಸಿಗೆ ಬಾರದಿರುವುದು ಸಹಜ.

ತೊಡಕುಗಳು ಎಲ್ಲಿ ಎಂದು ಸ್ವಲ್ಪ ವಿವರವಾಗಿ ನೋಡಬೇಕು. ಪ, ಷ, ಫ, ಘ ಒಂದು ಗುಂಪು. ದ, ಧ, ಥ ಇನ್ನೊಂದು. ಇವುಗಳಲ್ಲಿ ವ್ಯತ್ಯಾಸವೆಲ್ಲ ಒಂದು ಸೀಳಿನಲ್ಲಿ ಅಥವಾ ಒಂದು ಚುಕ್ಕೆಯಲ್ಲಿ ಇರುತ್ತದೆ. ‘ವು’ ಮತ್ತು ‘ಮ’ ಇವುಗಳಲ್ಲಿ ಮೋಸಹೋಗದ ಮಗುವೇ ಇಲ್ಲ. ಆದರೆ ಇದಕ್ಕಿಂತ ಗಹನವಾದದ್ದು ಕಣ್ಣಿನ ಕ್ರಮ ಮತ್ತು ಕಿವಿಯ ಕ್ರಮ ಬೇರೆಯಾಗುವ ಸಂದರ್ಭ. ‘ಕರ್ಮ’ ಎಂಬ ಶಬ್ದದಲ್ಲಿ ರೇಫವು ಮಕಾರಕ್ಕಿಂತ ಮೊದಲು ಕೇಳಿಸುತ್ತದೆ, ಆದರೆ ಅರ್ಕಾವತ್ತು ಮಕಾರದ ನಂತರ ಕಾಣಿಸುತ್ತದೆ. ಎಡದಿಂದ ಬಲಕ್ಕೆ ಓದು ಎಂದು ಕಲಿಸಿದ ಗುರುವಿನ ಮಾತನ್ನು ನಂಬಿ ಮಗು ‘ಕಮ್ರ’ ಎಂದು ಓದಿದರೆ ಅದು ಅಜ್ಞಾನವಲ್ಲ, ವಿಧೇಯತೆ. ಒಂದು ಕ್ಷಣ ನಿಂತು, ‘ಈ ಗುರುತು ಕಂಡರೆ ಒಂದು ಹೆಜ್ಜೆ ಹಿಂದಕ್ಕೆ ಹೋಗಿ ಓದಬೇಕು’ ಎಂದು ತಿಳಿಸಿದರೆ ಸಾಕು. ಬೈಗುಳದಿಂದ ಅದು ತಿಳಿಯದು.

ಒತ್ತಕ್ಷರಗಳ ಕಥೆ ಇನ್ನೂ ಸ್ವಾರಸ್ಯದ್ದು. ಹೆಚ್ಚಿನ ಒತ್ತುಗಳು ಮೂಲ ಅಕ್ಷರದ ತಲೆಕಟ್ಟನ್ನು ತೆಗೆದು ಕೆಳಗಿರಿಸಿದಂತೆ ಇರುತ್ತವೆ. ಕ, ಗ, ಚ, ಟ ಇವುಗಳನ್ನು ನೋಡಿದರೆ ಗುರುತು ಸಿಗುತ್ತದೆ. ತ, ನ, ಮ, ಯ, ರ, ಲ ಈ ಆರರ ಒತ್ತುಗಳು ಮಾತ್ರ ಮೂಲವನ್ನು ಹೋಲುವುದೇ ಇಲ್ಲ. ದುರದೃಷ್ಟವೋ ಏನೋ, ಮಗುವಿನ ಬಾಯಲ್ಲಿ ಮೊದಲು ಬರುವ ಮಾತುಗಳು ಇವೇ ಒತ್ತುಗಳ ಮೇಲೆ ನಿಂತಿವೆ. ಅಮ್ಮ, ಅನ್ನ, ಇಲ್ಲ, ಅತ್ತೆ, ಅಯ್ಯೋ. ಸಾಂಪ್ರದಾಯಿಕ ಕ್ರಮದಲ್ಲಿ ವರ್ಣಮಾಲೆ ಮುಗಿದು, ಕಾಗುಣಿತ ಮುಗಿದು, ಅನಂತರ ಒತ್ತಕ್ಷರ ಬರುತ್ತದೆ. ಎಂದರೆ ‘ಅಮ್ಮ’ ಎಂದು ಬರೆಯಲು ಮಗು ಒಂದೂವರೆ ವರ್ಷ ಕಾಯಬೇಕು. ಅದಕ್ಕಿಂತ ಮುಂಚೆ ‘ಝಷ’, ‘ಙ’, ‘ಞ’ಗಳನ್ನು ತಿದ್ದಬೇಕು. ‘ಙ’ ಎಂಬ ಅಕ್ಷರದಿಂದ ಆರಂಭವಾಗುವ ಕನ್ನಡ ಶಬ್ದವನ್ನು ಯಾವ ಮಗುವೂ ಆಡಿಲ್ಲ, ಯಾವ ಅಜ್ಜಿಯೂ ಕೇಳಿಲ್ಲ. ಒತ್ತಕ್ಷರದ ಸೂತ್ರ ತಿಳಿಯದಿದ್ದರೂ ‘ಅಮ್ಮ’ ಎಂಬ ಇಡೀ ಶಬ್ದವನ್ನು ಒಂದು ಚಿತ್ರದಂತೆ ಮೊದಲ ವಾರವೇ ಬರೆಯಿಸುವುದರಿಂದ ಯಾವ ವ್ಯಾಕರಣಕ್ಕೂ ಅಪಚಾರವಾಗುವುದಿಲ್ಲ. ನ್ಯೂಜಿಲೆಂಡಿನಲ್ಲಿ ಮಾವೋರಿ ಮಕ್ಕಳಿಗೆ ಕಲಿಸುತ್ತಿದ್ದ ಸಿಲ್ವಿಯಾ ಆಷ್ಟನ್-ವಾರ್ನರ್ ಅವರು ಮಗುವಿನ ಮನಸ್ಸಿಗೆ ಹತ್ತಿರವಾದ ಅದರದೇ ಶಬ್ದವನ್ನು ಮೊದಲು ಬರೆದುಕೊಡುತ್ತಿದ್ದರು. 1963ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ ಆ ವಿಧಾನವನ್ನು ವಿವರಿಸಿದರು.

ಕರ್ನಾಟಕದಲ್ಲಿಯೂ ಕ್ರಮವನ್ನು ಬದಲಿಸಿದ ಪ್ರಯೋಗ ನಡೆದಿದೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ಯುನಿಸೆಫ್ ಸಂಸ್ಥೆಯ ನೆರವಿನಿಂದ, ಆಂಧ್ರದ ಋಷಿವ್ಯಾಲಿಯ ಗ್ರಾಮಶಾಲೆಗಳನ್ನು ನೋಡಿ ಬಂದ ಶಿಕ್ಷಕರು ‘ನಲಿ-ಕಲಿ’ಯನ್ನು ಆರಂಭಿಸಿದರು. 2009-10ರಲ್ಲಿ ಅದನ್ನು ರಾಜ್ಯದ ಸರ್ಕಾರಿ ಶಾಲೆಗಳ ಒಂದು, ಎರಡನೆಯ ತರಗತಿಗಳಿಗೆ ವಿಸ್ತರಿಸಲಾಯಿತು. ಅದರಲ್ಲಿ ಅಕ್ಷರಗಳು ಅ, ಆ, ಇ, ಈ ಎಂದು ಆರಂಭವಾಗಲಿಲ್ಲ. ರ, ಗ, ಸ, ದ, ಅ ಎಂಬ ಐದು ಮೊದಲು ಬಂದವು. ಇದೇನು ವಿಪರೀತ ಎಂದು ಹಿರಿಯರು ಹುಬ್ಬೇರಿಸಿದ್ದುಂಟು. ಆದರೆ ಆ ಐದರಿಂದಲೇ ಸರ, ದರ, ರಸ, ಅರಸ, ಅಗಸ, ಗರಗಸ ಇಷ್ಟನ್ನು ಮಗು ಓದಬಲ್ಲುದು. ಮುಂದಿನ ಜ, ವ, ಮ, ಬ, ನ ಬಂದೊಡನೆ ಮರ, ಜನ, ವನ, ಮಗ, ಬಸವ, ಗಮನ. ಸ್ವರಗಳು ಮುಗಿಯುವವರೆಗೆ ‘ಆಈ’, ‘ಊಓ’ ಎಂದು ಅರ್ಥವಿಲ್ಲದ ಜೋಡಣೆ ಮಾಡುವುದಕ್ಕಿಂತ ಇದು ಎಷ್ಟೋ ಮೇಲು. ವರ್ಣಮಾಲೆಯ ಶಾಸ್ತ್ರೀಯ ಕ್ರಮಕ್ಕೆ ಅದರದೇ ಘನತೆಯಿದೆ. ಕಂಠದಿಂದ ತುಟಿಯವರೆಗೆ ಉಚ್ಚಾರಣಾಸ್ಥಾನಗಳನ್ನು ಅನುಸರಿಸಿ ಅಕ್ಷರಗಳನ್ನು ಜೋಡಿಸಿದ ಪ್ರಾಚೀನರ ಪ್ರತಿಭೆಗೆ ತಲೆಬಾಗಲೇಬೇಕು. ಆದರೆ ಅದು ಬಲ್ಲವನು ನೋಡಿ ಆನಂದಿಸುವ ನಕ್ಷೆ. ಬಾಯಲ್ಲಿ ಆ ಕ್ರಮವನ್ನು ಹೇಳಿಕೊಳ್ಳಲಿ, ಕೈಯಲ್ಲಿ ಬೇರೆ ಕ್ರಮದಿಂದ ಬರೆಯಲಿ, ಎರಡಕ್ಕೂ ವಿರೋಧವಿಲ್ಲ.

ಮಾತಿನ ವಿಷಯಕ್ಕೆ ಬಂದರೆ, ಮನೆಯ ಮಾತೇ ಪುಸ್ತಕದ ಮಾತು ಎಂದು ಭಾವಿಸುವುದು ದೊಡ್ಡ ತಪ್ಪು. ಧಾರವಾಡದ ಕಡೆಯ ಮಗು ‘ಹೊಂಟೀನಿ’ ಎನ್ನುತ್ತದೆ, ಪುಸ್ತಕದಲ್ಲಿ ‘ಹೊರಟಿದ್ದೇನೆ’ ಎಂದಿರುತ್ತದೆ. ಉಡುಪಿಯ ಸೀಮೆಯಿಂದ ಬಂದ ಅನೇಕ ಮನೆಗಳ ಮಾತು ತುಳು. ಆ ಮಕ್ಕಳಿಗೆ ಕನ್ನಡವೇ ಎರಡನೆಯ ಭಾಷೆ. ಚೆನ್ನೈಯ ಹಳೆಯ ಮನೆತನಗಳ ಕನ್ನಡದಲ್ಲಿ ತಮಿಳು, ಪುಣೆಯವರದರಲ್ಲಿ ಮರಾಠಿ ಬೆರೆತಿದೆ. ಗುಂತಕಲ್ಲು ಜಂಕ್ಷನ್ನಿನಲ್ಲಿ ಬ್ರಾಡ್ ಗೇಜ್ ಮತ್ತು ಮೀಟರ್ ಗೇಜ್ ಎರಡೂ ಸೇರುತ್ತಿದ್ದ ಕಾಲದಲ್ಲಿ ಒಂದು ಗೇಜಿನ ವ್ಯಾಗನ್ನಿನಿಂದ ಇನ್ನೊಂದಕ್ಕೆ ಸರಕನ್ನು ಹೊತ್ತು ಹಾಕಬೇಕಾಗುತ್ತಿತ್ತು. ಸರಕು ಅದೇ, ದಾರಿ ಅದೇ. ಹಳಿಗಳ ಅಂತರ ಮಾತ್ರ ಬೇರೆ. ಒಂದನೆಯ ತರಗತಿಯ ಮಗು ಮನೆಯ ಮಾತಿನಿಂದ ಪುಸ್ತಕದ ಮಾತಿಗೆ ದಿನವೂ ಇಂತಹ ಹೊರೆಯನ್ನು ವರ್ಗಾಯಿಸುತ್ತದೆ. ‘ನಿನ್ನದು ಅಶುದ್ಧ’ ಎಂದು ಗದರಿಸಿದರೆ ಅದು ಹೊರೆಯನ್ನು ಅಲ್ಲಿಯೇ ಇಳಿಸಿ ಸುಮ್ಮನಾಗುತ್ತದೆ. ‘ಮನೆಯಲ್ಲಿ ಹೀಗೆನ್ನುತ್ತೇವೆ, ಪುಸ್ತಕದಲ್ಲಿ ಹಾಗೆ ಬರೆಯುತ್ತಾರೆ’ ಎಂದರೆ ಎರಡನ್ನೂ ಇಟ್ಟುಕೊಳ್ಳುತ್ತದೆ.

ಮಾತು ಬೆಳೆಯುವುದು ಮಾತನಾಡಿದಾಗ ಮಾತ್ರ. ಹೊರನಾಡಿನ ಮನೆಗಳಲ್ಲಿ ಮಕ್ಕಳು ಕೇಳುವ ಕನ್ನಡ ಬಹುಮಟ್ಟಿಗೆ ಆಜ್ಞೆಗಳದು: ಬಾ, ತಿನ್ನು, ಕೂರು, ಬೇಗ, ಬೇಡ. ಇಷ್ಟರಿಂದ ಭಾಷೆ ಬೆಳೆಯದು. ಏಕೆ, ಹೇಗೆ, ಆಮೇಲೇನಾಯಿತು ಎಂಬ ಪ್ರಶ್ನೆಗಳಿಂದ ವಾಕ್ಯ ಉದ್ದವಾಗುತ್ತದೆ. ಕಥೆಯನ್ನು ಹೇಳಿ ಮರುದಿನ ಮಗುವಿನಿಂದ ಅದನ್ನೇ ಹೇಳಿಸಬೇಕು. ಪ್ರಹ್ಲಾದನ ಕಥೆಯಾಗಲಿ, ಇಂದು ಸ್ಥಳೀಯ ರೈಲು ತಡವಾದ ಕಥೆಯಾಗಲಿ. ಪಂಜೆ ಮಂಗೇಶರಾಯರು, ಜಿ.ಪಿ. ರಾಜರತ್ನಂ ಇವರಂತಹ ಹಿರಿಯರು ಮಕ್ಕಳಿಗಾಗಿ ಬರೆಯುವುದನ್ನು ಕಿರಿದೆಂದು ಎಣಿಸಲಿಲ್ಲ. ಅವರ ಹಾಡುಗಳಲ್ಲಿರುವ ಶಬ್ದಗಳು ಐದು ವರ್ಷದ ನಾಲಿಗೆಯ ಅಳತೆಗೆ ಸರಿಯಾಗಿವೆ.

ದೇಶದ ಸ್ಥಿತಿಯನ್ನು ಎರಡು ಮಾತಿನಲ್ಲಿ ಹೇಳಬಹುದು. ‘ಪ್ರಥಮ್’ ಸಂಸ್ಥೆ 2005ರಿಂದ ಗ್ರಾಮೀಣ ಮಕ್ಕಳ ಮನೆಗೇ ಹೋಗಿ ಓದಿಸಿ ನೋಡುವ ‘ಅಸರ್’ ಸಮೀಕ್ಷೆಯನ್ನು ಆರಂಭಿಸಿತು. ಅದರಂತೆ ಸರ್ಕಾರಿ ಶಾಲೆಗಳ ಮೂರನೆಯ ತರಗತಿಯ ಮಕ್ಕಳಲ್ಲಿ ಎರಡನೆಯ ತರಗತಿಯ ಪಾಠವನ್ನು ಓದಬಲ್ಲವರು 2018ರಲ್ಲಿ ಶೇಕಡಾ 20.9; ಕೊರೋನಾದ ತರುವಾಯ 2022ರಲ್ಲಿ 16.3ಕ್ಕೆ ಇಳಿದು, 2024ರಲ್ಲಿ 23.4ಕ್ಕೆ ಏರಿತು. ಐವರಲ್ಲಿ ಒಬ್ಬರಿಗಿಂತ ಸ್ವಲ್ಪ ಹೆಚ್ಚು ಎಂದಾಯಿತು. ಕೇಂದ್ರ ಸರ್ಕಾರ 2021ರ ಜುಲೈಯಲ್ಲಿ ಆರಂಭಿಸಿದ ‘ನಿಪುಣ ಭಾರತ’ ಕಾರ್ಯಕ್ರಮ ಎರಡನೆಯ ತರಗತಿಯ ಮಗು ನಿಮಿಷಕ್ಕೆ 45ರಿಂದ 60 ಶಬ್ದಗಳನ್ನೂ ಮೂರನೆಯದರ ಮಗು ಕನಿಷ್ಠ 60 ಶಬ್ದಗಳನ್ನೂ ಸರಿಯಾಗಿ ಓದಬೇಕೆಂದು ಗುರಿಯಿಟ್ಟಿತು. ವೇಗಕ್ಕೆ ಬೆಲೆಯಿಲ್ಲದಿಲ್ಲ. ಒಂದೊಂದೇ ಅಕ್ಷರವನ್ನು ಎಳೆಯುತ್ತ ವಾಕ್ಯದ ಕೊನೆಗೆ ಬರುವಷ್ಟರಲ್ಲಿ ಮೊದಲನ್ನು ಮರೆತಿದ್ದರೆ ಅರ್ಥ ಕೂಡುವುದು ಹೇಗೆ? ಆದರೆ ಎಲ್ಲ ಭಾಷೆಗಳಿಗೂ ಒಂದೇ ಮಾನದಂಡ ಸಲ್ಲದು. ‘ಬರುವುದಿಲ್ಲವೆಂದು’ ಎಂಬುದು ಕನ್ನಡದಲ್ಲಿ ಒಂದು ಶಬ್ದ. ಅದನ್ನು ಇಂಗ್ಲಿಷಿನಲ್ಲಿ ಹೇಳಲು ನಾಲ್ಕೈದು ಶಬ್ದಗಳು ಬೇಕು. ಬಂಡಿಗಳನ್ನು ಎಣಿಸಿ ಸರಕನ್ನು ಅಳೆಯಲಾಗದು.

ಬರಹದ ವಿಷಯದಲ್ಲಿ ಇಂದಿನ ಆತುರ ಖೇದಕರ. ಮೂರು ವರ್ಷದ ಮಗುವಿನ ಕೈಗೆ ಪೆನ್ಸಿಲನ್ನು ಕೊಟ್ಟು, ಗೆರೆಯ ನಡುವೆ ಪುಟಗಟ್ಟಲೆ ಬರೆಯಿಸುವ ಶಾಲೆಗಳಿಗೇ ಪ್ರವೇಶಕ್ಕಾಗಿ ಸಾಲು. ಆ ವಯಸ್ಸಿನ ಬೆರಳುಗಳಿಗೆ ಅಂತಹ ಕೆಲಸಕ್ಕೆ ಬೇಕಾದ ಹಿಡಿತ ಇನ್ನೂ ಬಂದಿರುವುದಿಲ್ಲ. ಮರಳಿನಲ್ಲಿ ಬರೆಯುವಾಗ ಇಡೀ ತೋಳು ಚಲಿಸುತ್ತದೆ, ಆಕಾರ ದೊಡ್ಡದಾಗಿರುತ್ತದೆ, ತಪ್ಪಿದರೆ ಅಂಗೈಯಿಂದ ಒರೆಸಿದರಾಯಿತು. ಕೆಂಪು ಶಾಯಿಯ ಗುರುತು ಉಳಿಯುವುದಿಲ್ಲ. 1907ರಲ್ಲಿ ರೋಮಿನಲ್ಲಿ ಶಿಶುಗಳ ಶಾಲೆಯನ್ನು ತೆರೆದ ಮರಿಯಾ ಮಾಂಟೆಸ್ಸರಿ ಅವರು ಮರಳುಕಾಗದದಿಂದ ಕತ್ತರಿಸಿದ ಅಕ್ಷರಗಳ ಮೇಲೆ ಮಕ್ಕಳ ಬೆರಳಾಡಿಸುತ್ತಿದ್ದರು. 1939ರಲ್ಲಿ ಅವರು ಮದರಾಸಿನ ಅಡಯಾರಿಗೆ ಬಂದು ಶಿಕ್ಷಕರಿಗೆ ಪಾಠ ಹೇಳಿದಾಗ, ಅದೇ ಊರಿನ ಮಕ್ಕಳು ನೂರೈವತ್ತು ವರ್ಷ ಹಿಂದೆ ಮರಳಿನಲ್ಲಿ ಬರೆಯುತ್ತಿದ್ದ ಸಂಗತಿ ಎಷ್ಟು ಮಂದಿಗೆ ನೆನಪಿತ್ತೋ!

ಹತ್ತು ಸಲ ನಕಲು ಬರೆಯಿಸುವ ಪದ್ಧತಿಯಿಂದ ಪ್ರಯೋಜನ ಅಲ್ಪ. ಮೂರನೆಯ ಸಲದ ಮೇಲೆ ಕೈ ಮಾತ್ರ ಓಡುತ್ತದೆ, ಮನಸ್ಸು ಕಿಟಕಿಯಾಚೆ ಇರುತ್ತದೆ. ಉಕ್ತಲೇಖನ ಇದಕ್ಕಿಂತ ಎಷ್ಟೋ ಉತ್ತಮ. ಅಲ್ಲಿ ಕಿವಿ, ನೆನಪು, ಕೈ ಮೂರೂ ಒಟ್ಟಿಗೆ ದುಡಿಯಬೇಕು. ದಿನಕ್ಕೆ ಐದು ಶಬ್ದಗಳು ಸಾಕು. ‘ಹಾಲು’ ಎಂಬುದನ್ನು ‘ಆಲು’ ಎಂದು ಬರೆದರೆ ಮಗುವಿನ ಕೈಯನ್ನಲ್ಲ, ಮನೆಯವರು ತಮ್ಮ ಉಚ್ಚಾರಣೆಯನ್ನು ಮೊದಲು ಪರೀಕ್ಷಿಸಿಕೊಳ್ಳಬೇಕು.

ಇನ್ನು ಹೊರನಾಡಿನ ಮನೆಗಳ ವಿಶೇಷ ಪ್ರಶ್ನೆ. ಹೋಟೆಲುಗಳಲ್ಲಿ ದುಡಿದು ರಾತ್ರಿಶಾಲೆಗಳಲ್ಲಿ ಕಲಿತ ಮುಂಬಯಿ ಕನ್ನಡಿಗರ ತಲೆಮಾರೊಂದಿತ್ತು. ಅವರು ಊರಿನಿಂದ ಬರುವಾಗಲೇ ಕನ್ನಡದ ಅಕ್ಷರವನ್ನು ತಂದಿದ್ದರು. ಅವರ ಮೊಮ್ಮಕ್ಕಳಿಗಾಗಿ ಈಗ ಹಾಡುಗಳನ್ನು ರೋಮನ್ ಲಿಪಿಯಲ್ಲಿಯೋ ದೇವನಾಗರಿಯಲ್ಲಿಯೋ ಬರೆದುಕೊಡುವ ರೂಢಿ ಬಂದಿದೆ. ಹಾಡಲಿಕ್ಕೆ ಅದರಿಂದ ಅನುಕೂಲವಾಗಿದೆ, ನಿಜ. ಆದರೆ ನಷ್ಟವನ್ನೂ ಲೆಕ್ಕ ಹಾಕಬೇಕು. ಸಾಮಾನ್ಯ ರೋಮನ್ ಬರಹದಲ್ಲಿ ಲ ಮತ್ತು ಳ ಒಂದೇ, ನ ಮತ್ತು ಣ ಒಂದೇ. ಹಳ್ಳಿಗೂ ಹಲ್ಲಿಗೂ, ಮನೆಗೂ ಮಣೆಗೂ ಭೇದವಿಲ್ಲ. ಅಡುಗೆಮನೆಯ ಹುಳಿಯೂ ಅಡವಿಯ ಹುಲಿಯೂ ಒಂದೇ ಆಗಿಬಿಡುತ್ತವೆ. ದೇವನಾಗರಿಯಲ್ಲಿ ಈ ದೋಷವಿಲ್ಲ. ಅಲ್ಲಿನ ಕೊರತೆ ಎ ಏ, ಒ ಓ ಭೇದದ್ದು. ಬೆಳೆ ಬೇಳೆಯಾಗುತ್ತದೆ, ಕೊಡು ಎಂದುದು ಕೋಡಾಗುತ್ತದೆ, ಕೆರೆ ನೀರು ಬತ್ತಿ ಕೇರೆ ಹಾವಾಗುತ್ತದೆ. ಜೊತೆಗೆ ಹಿಂದಿ, ಮರಾಠಿಗಳ ಅಭ್ಯಾಸಬಲದಿಂದ ಶಬ್ದದ ಕೊನೆಯ ಅಕಾರವನ್ನು ನುಂಗಿ, ‘ಕಮಲ’ವನ್ನು ‘ಕಮಲ್’ ಎಂದು ಓದಿಬಿಡುತ್ತಾರೆ. ತಾಳಕ್ಕೆ ಒಂದು ಮಾತ್ರೆ ಕಡಿಮೆ ಬೀಳುತ್ತದೆ.

ಸಮಾಧಾನದ ಸಂಗತಿಯೂ ಇದೆ. ಮರಾಠಿ ಅಥವಾ ಹಿಂದಿಯನ್ನು ಶಾಲೆಯಲ್ಲಿ ಕಲಿತ ಮಗುವಿಗೆ ವರ್ಣಮಾಲೆಯ ವ್ಯವಸ್ಥೆ, ಕಾಗುಣಿತದ ತತ್ತ್ವ, ಸಂಯುಕ್ತಾಕ್ಷರದ ಕಲ್ಪನೆ ಎಲ್ಲವೂ ಮೊದಲೇ ತಿಳಿದಿವೆ. ಹೊಸತು ಆಕಾರಗಳು ಮಾತ್ರ, ಮತ್ತು ಹ್ರಸ್ವ ಎ, ಒ. ಮರಾಠಿಯವರಿಗೆ ಳ ಕೂಡ ಪರಿಚಿತ. ಹೈದರಾಬಾದಿನ ಮಗುವಿಗಂತೂ ತೆಲುಗು ಲಿಪಿ ಕನ್ನಡದ ಒಡಹುಟ್ಟು. ತಲೆಕಟ್ಟಿನ ವ್ಯತ್ಯಾಸವನ್ನೂ ಬೇರೆಯಾಗಿ ಕಾಣುವ ಕೆಲವೇ ಅಕ್ಷರಗಳನ್ನೂ ತೋರಿಸಿದರೆ ಅದು ಕೆಲವೇ ದಿನಗಳಲ್ಲಿ ಫಲಕಗಳನ್ನು ಓದತೊಡಗುತ್ತದೆ. ಚೆನ್ನೈಯ ಮಗುವಿಗೆ ಎ ಏ ಭೇದ ತಿಳಿದಿದೆ, ಆದರೆ ತಮಿಳಿನಲ್ಲಿ ಕ, ಖ, ಗ, ಘ ನಾಲ್ಕಕ್ಕೂ ಒಂದೇ ಅಕ್ಷರವಾದುದರಿಂದ ಕಡಿ ಮತ್ತು ಗಡಿ ಇವುಗಳನ್ನು ಬೇರ್ಪಡಿಸಿ ಬರೆಯಲು ಹೆಚ್ಚು ಅಭ್ಯಾಸ ಬೇಕು. ಹೀಗೆ ಊರಿಂದ ಊರಿಗೆ ಪಾಠ ಬೇರೆ. ಬೆಂಗಳೂರಿನಿಂದ ತರಿಸಿದ ಒಂದೇ ಪುಸ್ತಕವನ್ನು ಎಲ್ಲೆಡೆಯೂ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಕಲಿಸುವುದು ವ್ಯರ್ಥ ಶ್ರಮ.

ಏಳೆಂಟು ವರ್ಷವಾಗಿ, ಶಾಲೆಯ ಒಂದು ಲಿಪಿ ಗಟ್ಟಿಯಾದ ಮೇಲೆ ಕನ್ನಡದ ಲಿಪಿಯನ್ನು ಆರಂಭಿಸುವುದು ಈ ಮಕ್ಕಳಿಗೆ ಅನುಕೂಲ. ಮಾತು ಮಾತ್ರ ಹುಟ್ಟಿದ ದಿನದಿಂದ. ವಾರಕ್ಕೊಮ್ಮೆ ಎರಡು ಗಂಟೆ ಕುಳ್ಳಿರಿಸುವುದಕ್ಕಿಂತ ದಿನಕ್ಕೆ ಹದಿನೈದು ನಿಮಿಷ ಲೇಸು. ಮನೆಯ ವಸ್ತುಗಳಿಗೆ ಹೆಸರುಚೀಟಿ ಅಂಟಿಸಬಹುದು. ಡಬ್ಬಿಗಳ ಮೇಲೆ ‘ಬೇಳೆ’, ‘ಬೆಲ್ಲ’, ‘ಅಕ್ಕಿ’ ಎಂದು ಮಗುವೇ ಬರೆದರೆ ಒತ್ತಕ್ಷರವೂ ದೀರ್ಘವೂ ದಿನಕ್ಕೆ ನಾಲ್ಕು ಸಲ ಕಣ್ಣಿಗೆ ಬೀಳುತ್ತವೆ. ಬಾಯಿಪಾಠವಾಗಿರುವ ಹಾಡೊಂದನ್ನು ದೊಡ್ಡ ಅಕ್ಷರಗಳಲ್ಲಿ ಬರೆದು, ಹಾಡುತ್ತ ಬೆರಳಿಟ್ಟು ತೋರಿಸಬೇಕು. ಮುಂದಿನ ಶಬ್ದ ಯಾವುದೆಂದು ಬಾಯಿಗೆ ಮೊದಲೇ ಗೊತ್ತಿರುವುದರಿಂದ ಕಣ್ಣು ತಾನಾಗಿಯೇ ಅಕ್ಷರವನ್ನು ಹೊಂದಿಸಿಕೊಳ್ಳುತ್ತದೆ. ನಡುನಡುವೆ ಒಂದು ಶಬ್ದವನ್ನು ಬದಲಿಸಿ ಬರೆದಿಟ್ಟರೆ, ಮಗು ನಿಜವಾಗಿ ಓದುತ್ತಿದೆಯೋ ನೆನಪಿನಿಂದ ಹಾಡುತ್ತಿದೆಯೋ ಎಂಬುದು ಕೂಡಲೇ ತಿಳಿಯುತ್ತದೆ.

ಕಲಿಸುವವರು ಯಾರು ಎಂದು ತಾಯಂದಿರು ಕೇಳುವುದು ಸಹಜ. ಇಬ್ಬರೂ ಉದ್ಯೋಗಕ್ಕೆ ಹೋಗುವ ಮನೆಗಳಲ್ಲಿ ಆ ಹದಿನೈದು ನಿಮಿಷವೂ ದುಬಾರಿ. ಬಳ್ಳಾರಿಯ ಏರ್ಪಾಟು ಇಲ್ಲಿ ನೆರವಾದೀತು. ಶಾಖಾಮಠದ ಜಗಲಿಯಲ್ಲಿ ಭಾನುವಾರ ಸೇರುವ ಮಕ್ಕಳಲ್ಲಿ ಹನ್ನೆರಡರ ಬಾಲಕಿ ಎಂಟರ ಬಾಲಕನಿಗೆ ಕಾಗುಣಿತವನ್ನು ಹೇಳಿಕೊಡಲಿ. ಅವಳಿಗೆ ಮರೆತದ್ದನ್ನು ಹಿರಿಯರೊಬ್ಬರು ಪಕ್ಕದಲ್ಲಿ ಕುಳಿತು ಸರಿಪಡಿಸಲಿ. ನಿವೃತ್ತರಾದ ಹಿರಿಯರಿಗೆ ಸಮಯದ ಅಭಾವವಿಲ್ಲ. ಕೆಲವರಿಗೆ ತಾಳ್ಮೆಯ ಅಭಾವವಿದೆ, ಅಂತಹವರು ಉಕ್ತಲೇಖನ ಹೇಳುವ ಕೆಲಸವನ್ನು ವಹಿಸಿಕೊಳ್ಳಬಹುದು. ಖರ್ಚೆಂದರೆ ಎರಡು ಹರಿವಾಣ, ಜರಡಿ ಹಿಡಿದ ಒಂದು ಸೇರು ಮರಳು, ಬಳಪದ ಒಂದು ಡಬ್ಬಿ. ಮೊದಲು ಬಂದ ಮಗುವಿನ ಅಂಗೈಯಲ್ಲಿ ಸರಸ್ವತಿಯ ಹೆಸರನ್ನು ಬರೆಯುವ ಪದ್ಧತಿಯನ್ನು ಉಳಿಸಿಕೊಳ್ಳಬಹುದು, ಕನ್ನಡದ ಲಿಪಿಯಲ್ಲಿ. ಮೂರನೆಯವರಿಂದಾಚೆಗಿನ ಪದ್ಧತಿಯನ್ನು ಕೈಬಿಡತಕ್ಕದ್ದು.